ಬೆಳೆಯುವ ಸಿರಿ ಮೊಳಕೆಯಲ್ಲಿ ಕಾಣುವುದೇ?



ಅಮೆರಿಕದಲ್ಲಿ ಓದುತ್ತಿರುವ ನನ್ನ ಮೊಮ್ಮಗ ಕಳೆದ ಭಾನುವಾರ ದೂರವಾಣಿಯಲ್ಲಿ ಕೇಳಿದ: “ತಾತ, ಕಾಲೇಜಿನಲ್ಲಿ ಹೆಚ್ಚು ಪಂದ್ಯ ಗೆದ್ದ ಕ್ವಾರ್ಟರ್‌ಬ್ಯಾಕ್ ಮುಂದೆ ವೃತ್ತಿಪರ ತಂಡದಲ್ಲೂ ಗೆಲ್ಲುತ್ತಾನೆ, ಅಲ್ಲವೇ?”

ಅವನು ಕೇಳಿದ್ದು ಅಲ್ಲಿಯ ಫುಟ್‌ಬಾಲಿನ ವಿಚಾರ. ಅದು ನಾವು ಕಾಲಿನಿಂದ ಒದ್ದು ಆಡುವ ಆಟವಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು, ಎಸೆದು, ಓಡಿ ಆಡುವ ಆಟ. ಎದುರಾಳಿಗಳು ಮೈಮೇಲೆ ಬೀಳುವ ಮುನ್ನ ಯಾರಿಗೆ ಚೆಂಡು ಎಸೆಯಬೇಕೆಂದು ನಿರ್ಧರಿಸುವ ಸೂತ್ರಧಾರನೇ ಕ್ವಾರ್ಟರ್‌ಬ್ಯಾಕ್. ವೃತ್ತಿಪರ ತಂಡಗಳು ವರ್ಷಕ್ಕೊಮ್ಮೆ ಸರದಿಯ ಪ್ರಕಾರ ಕಾಲೇಜು ಆಟಗಾರರನ್ನು ಆರಿಸಿಕೊಳ್ಳುವ ಕ್ರಮಕ್ಕೆ ಡ್ರಾಫ್ಟ್ ಎಂದು ಹೆಸರು.

‘ಬೆಳೆಯುವ ಸಿರಿ ಮೊಳಕೆಯಲ್ಲಿ’ ಎಂಬ ಗಾದೆ ಹೇಳಿ ಹೌದೆನ್ನಬೇಕೆಂದಿದ್ದೆ. ಆದರೆ ಚರಿತ್ರೆಯ ಮೇಷ್ಟರ ಹಳೆಯ ಅಭ್ಯಾಸ ಬಿಡಲಿಲ್ಲ. ಉತ್ತರಿಸುವ ಮೊದಲು ದಾಖಲೆಗಳನ್ನು ತಿರುವಿ ನೋಡಿದೆ.

2006ರ ಡ್ರಾಫ್ಟ್ ಈ ಪ್ರಶ್ನೆಗೆ ಹೇಳಿ ಮಾಡಿಸಿದಂತಿದೆ. ಆ ವರ್ಷ ಜನವರಿ 4ರಂದು ನಡೆದ ರೋಸ್ ಬೌಲ್ ಪಂದ್ಯದಲ್ಲಿ ಟೆಕ್ಸಾಸ್ ವಿಶ್ವವಿದ್ಯಾಲಯ 41–38ರಿಂದ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯವನ್ನು ಮಣಿಸಿತು. ಕೊನೆಯ 19 ಸೆಕೆಂಡುಗಳು ಉಳಿದಿದ್ದಾಗ ತಾನೇ ಓಡಿ ಗೆಲುವಿನ ಅಂಕ ತಂದವನು ಟೆಕ್ಸಾಸಿನ ವಿನ್ಸ್ ಯಂಗ್. ಆತ ಮುನ್ನಡೆಸಿದ 32 ಪಂದ್ಯಗಳಲ್ಲಿ ತಂಡ ಗೆದ್ದದ್ದು 30. ಎದುರಾಳಿ ಮ್ಯಾಟ್ ಲೈನಾರ್ಟ್ ಮೈದಾನದಲ್ಲಿ ಗಳಿಸಿದ ಲೆಕ್ಕ 39ಕ್ಕೆ 37. ಡ್ರಾಫ್ಟಿನಲ್ಲಿ ಯಂಗ್ 3ನೆಯವನಾಗಿ, ಲೈನಾರ್ಟ್ 10ನೆಯವನಾಗಿ ಆಯ್ಕೆಯಾದರು. ಅವರ ಬೆನ್ನಿಗೇ 11ನೆಯವನಾಗಿ ಬಂದ ಜೇ ಕಟ್ಲರ್, ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದವನು. ಆತನಿದ್ದ ನಾಲ್ಕು ವರ್ಷಗಳಲ್ಲಿ ಆ ತಂಡ ಆಡಿದ 46 ಪಂದ್ಯಗಳಲ್ಲಿ ಗೆದ್ದದ್ದು ಕೇವಲ 11!

ಮುಂದೇನಾಯಿತು? ಲೈನಾರ್ಟ್ ವೃತ್ತಿಜೀವನದಲ್ಲಿ ಆರಂಭದಿಂದ ಆಡಿದ ಪಂದ್ಯಗಳು 18 ಮಾತ್ರ. ಯಂಗ್ ಮೊದಲ ವರ್ಷವೇ ಪ್ರಶಸ್ತಿ ಪಡೆದ, ಸೋತದ್ದಕ್ಕಿಂತ ಹೆಚ್ಚು ಗೆದ್ದ. ಆದರೂ 2011ರ ಬಳಿಕ ಕಣದಲ್ಲಿ ಕಾಣಲಿಲ್ಲ. ಕಟ್ಲರ್ 2017ರವರೆಗೆ ಆಡಿದ. ಷಿಕಾಗೋ ತಂಡದ ಚರಿತ್ರೆಯಲ್ಲೇ ಹೆಚ್ಚು ಗಜಗಳಷ್ಟು ಚೆಂಡೆಸೆದ ದಾಖಲೆ ಬರೆದ. ಆತನೂ ಸೂಪರ್ ಬೌಲ್ ಗೆಲ್ಲಲಿಲ್ಲವೆಂಬುದನ್ನು ಮರೆಮಾಚುವುದು ನ್ಯಾಯವಲ್ಲ.

ಹಾಗಾದರೆ ಲೆಕ್ಕ ಎಲ್ಲಿ ತಪ್ಪಿತು? ಗೆಲುವು ತಂಡದ್ದು, ಆಯ್ಕೆ ಒಬ್ಬನದು, ತಪ್ಪಿದ್ದು ಇಲ್ಲಿಯೇ. ಮಯಾಮಿ ವಿಶ್ವವಿದ್ಯಾಲಯದ ಕೆನ್ ಡಾರ್ಸಿ 40 ಪಂದ್ಯಗಳಲ್ಲಿ 38 ಗೆದ್ದವನು. ಆದರೆ 2002ರ ಡ್ರಾಫ್ಟಿನ ಮೊದಲ ಸುತ್ತಿನಲ್ಲೇ ಆತನ ತಂಡದ ಐವರು ಆಯ್ಕೆಯಾಗಿದ್ದರು. ಅಂಥ ಸಂಗಡಿಗರ ನಡುವೆ ಗೆಲುವಿನಲ್ಲಿ ಆತನ ಪಾಲೆಷ್ಟು? 2003ರಲ್ಲಿ ಡಾರ್ಸಿಯನ್ನು ಆರಿಸಿಕೊಂಡದ್ದು ಕೊನೆಯ, ಅಂದರೆ ಏಳನೆಯ ಸುತ್ತಿನಲ್ಲಿ.

ಇದಕ್ಕೆ ವಿರುದ್ಧವಾದ ಉದಾಹರಣೆ ಪ್ಯಾಟ್ರಿಕ್ ಮಹೋಮ್ಸ್. 2016ರ ಅಕ್ಟೋಬರಿನಲ್ಲಿ ಟೆಕ್ಸಾಸ್ ಟೆಕ್ ಪರವಾಗಿ ಒಂದೇ ಪಂದ್ಯದಲ್ಲಿ 734 ಗಜಗಳಷ್ಟು ಚೆಂಡೆಸೆದ. ತಂಡ 59 ಅಂಕ ಗಳಿಸಿತು. ಆದರೂ ಒಕ್ಲಹೋಮ 66 ಅಂಕ ಗಳಿಸಿ ಗೆದ್ದಿತು! ಆ ವರ್ಷ ಟೆಕ್ಸಾಸ್ ಟೆಕ್ 5 ಗೆದ್ದು 7 ಸೋತಿತು. ಬರಿಯ ಗೆಲುವನ್ನು ಎಣಿಸಿದವನಿಗೆ ಅಲ್ಲಿ ಕಂಡದ್ದು ಸೋಲು. ಎಸೆತವನ್ನು ನೋಡಿದ ಕ್ಯಾನ್ಸಾಸ್ ಸಿಟಿ ತಂಡ 2017ರಲ್ಲಿ ಆತನನ್ನು 10ನೆಯವನಾಗಿ ಆರಿಸಿಕೊಂಡು 2020, 2023 ಮತ್ತು 2024ರಲ್ಲಿ ಸೂಪರ್ ಬೌಲ್ ಗೆದ್ದಿತು.

ಗೆಲುವಿಗೆ ಬೆಲೆಯೇ ಇಲ್ಲವೆಂದು ಇದರ ಅರ್ಥವಲ್ಲ. 2019ರಲ್ಲಿ ಲೂಸಿಯಾನ ಸ್ಟೇಟ್ ತಂಡವನ್ನು 15 ಪಂದ್ಯಗಳಲ್ಲೂ ಗೆಲ್ಲಿಸಿದ ಜೋ ಬರೋ, ಎರಡು ವರ್ಷಗಳಲ್ಲೇ ಸಿನ್ಸಿನಾಟಿ ತಂಡವನ್ನು ಸೂಪರ್ ಬೌಲಿಗೆ ಕೊಂಡೊಯ್ದ. ಗೆಲುವು ಒಂದು ಸಾಕ್ಷಿ, ನಿಜ, ಅದೇ ತೀರ್ಪಲ್ಲ. ಮೊಳಕೆಯನ್ನು ನೋಡುವವನು ಅದು ಮೊಳೆತ ಮಣ್ಣನ್ನೂ ನೋಡಬೇಕು.

ಇದನ್ನು ಬರೆಯುವಾಗ ನನ್ನದೇ ಒಂದು ತಪ್ಪು ಕಣ್ಣ ಮುಂದೆ ಬಂದು ನಿಂತಿತು. 1991ರಲ್ಲಿ ತಾಲ್ಲೂಕು ಕಬಡ್ಡಿ ತಂಡವನ್ನು ಆರಿಸಲು ಕುಳಿತ ಮೂವರಲ್ಲಿ ನಾನೂ ಒಬ್ಬ. ಎಲ್ಲ ಪಂದ್ಯಗಳನ್ನೂ ಸೋತ ಹಳ್ಳಿಯ ಶಾಲೆಯೊಂದರ ಹುಡುಗ, ದಾಳಿಗೆ ಹೋದಾಗಲೆಲ್ಲ ಅಂಕ ತಂದಿದ್ದ. ಹೆಸರು ಚರ್ಚೆಗೆ ಬಂದಾಗ “ಸೋತ ತಂಡದವನಲ್ಲವೇ?” ಎಂದವನು ನಾನೇ. ಗೆದ್ದ ಶಾಲೆಯ ಸಾಧಾರಣ ಹುಡುಗನೊಬ್ಬ ಆಯ್ಕೆಯಾದ. ಪಟ್ಟಿಯನ್ನು ಎರಡು ಸಲ ಓದಿ, ಚೀಲ ಹೆಗಲಿಗೇರಿಸಿ, ಯಾರಿಗೂ ಏನೂ ಹೇಳದೆ ಬಸ್ ನಿಲ್ದಾಣದ ಕಡೆಗೆ ನಡೆದ ಆ ಹುಡುಗನ ಬೆನ್ನು ಇಂದಿಗೂ ನೆನಪಿದೆ.

ನನ್ನ ವಿದ್ಯಾರ್ಥಿಗಳಲ್ಲಿ ಹಲವರು ಇಂದು ಉಪಾಧ್ಯಾಯರು. ಕೆಲವರು ಕೆಲಸಕ್ಕೆ ಜನರನ್ನು ಆರಿಸುವ ಸ್ಥಾನದಲ್ಲಿರುವವರು. ನಿಮ್ಮೆದುರು ಕುಳಿತವನು ಯಾವ ಶಾಲೆಯಿಂದ ಬಂದನೆಂಬುದನ್ನು ಖಂಡಿತ ಕೇಳಿರಿ. ಅಲ್ಲಿ ಅವನಿಗೆ ಏನಿತ್ತು, ಏನಿರಲಿಲ್ಲ ಎಂಬುದನ್ನೂ ಮರೆಯದೆ ಕೇಳಿರಿ.

ಮೊಮ್ಮಗನಿಗೆ ಬರುವ ಭಾನುವಾರ ಇಷ್ಟೇ ಹೇಳುವವನಿದ್ದೇನೆ: “ಎಷ್ಟು ಗೆದ್ದನೆಂದು ಎಣಿಸು ಮಗು, ಆಮೇಲೆ ಯಾರ ಜೊತೆಗಿದ್ದು ಗೆದ್ದ, ಯಾರೂ ಇಲ್ಲದೆ ಹೇಗೆ ಸೋತ ಎಂಬುದನ್ನೂ ನೋಡು.”