ಬಟವಾಡೆ

ಸಂಬಳದ ಬಟವಾಡೆ, ಅಂಚೆ ಬಟವಾಡೆ: ಈ ಎರಡರಿಂದಲೇ ಹೆಚ್ಚಿನವರಿಗೆ ಪರಿಚಯವಾದ ಪದ. ಮರಾಠಿಯ ‘ಬಟವಡಾ’, ಹಿಂದಿಯ ‘ಬಂಟ್‌ವಾರಾ’ ಇದರ ನೆಂಟರು. ಒಳಗಿರುವುದು ಹಂಚುವ, ಪಾಲು ಮಾಡುವ ಅರ್ಥ. ಕನ್ನಡದ ಬಳಕೆಯಲ್ಲಿ ಹಂಚಿದರಷ್ಟೇ ಸಾಲದು, ಸೇರಬೇಕಾದವರ ಕೈಸೇರಬೇಕು. ಕಾಗದ ಅಂಚೆಯಣ್ಣನ ಚೀಲದಲ್ಲಿರುವಷ್ಟು ಹೊತ್ತೂ ಅದು ಬಟವಾಡೆಯಾಗಿಲ್ಲ.

ಇಮೇಲ್‌ಗೆ ಈ ಪದ ಎಷ್ಟು ಒಪ್ಪುತ್ತದೆಂದು ನನಗೆ ತಿಳಿದದ್ದು ನಮ್ಮ ಪುಟ್ಟ ಗ್ರಂಥಾಲಯ ಟ್ರಸ್ಟ್‌ನಲ್ಲಿ. ದಾನಿಗಳಿಗೆ ಆದಾಯ ತೆರಿಗೆಯ 80ಜಿ ರಸೀದಿಯನ್ನು ಇಮೇಲ್‌ನಲ್ಲಿ ಕಳಿಸಿದ್ದೆವು, ಪರದೆಯಲ್ಲಿ ‘ಸೆಂಟ್’ ಎಂದೂ ಬಂದಿತ್ತು. ವಾರ ಕಳೆದ ಮೇಲೆ ಹಿರಿಯರೊಬ್ಬರು ಫೋನ್ ಮಾಡಿ, “ರಸೀದಿ ಬರಲೇ ಇಲ್ಲವಲ್ಲಮ್ಮ” ಎಂದರು. ಅದು ಅವರ ಸ್ಪ್ಯಾಮ್ ಫೋಲ್ಡರಿನಲ್ಲಿ, ಲಾಟರಿ ಆಮಿಷಗಳ ನಡುವೆ ಬಿದ್ದಿತ್ತು. ನಾವು ಜಿಮೇಲ್ ವಿಳಾಸ ಹಾಕಿ ಬೇರೊಂದು ಸೇವೆಯ ಮೂಲಕ ಕಳಿಸಿದ್ದೆವು. ಹೆಸರೊಂದು, ಹೊರಟ ಜಾಗ ಇನ್ನೊಂದು.

ಸ್ವಂತ ಡೊಮೇನ್ ಪಡೆದು, ಅದಕ್ಕೆ ಎಸ್‌ಪಿಎಫ್, ಡಿಕೆಐಎಂ, ಡಿಮಾರ್ಕ್ ಎಂಬ ಮೂರು ದಾಖಲೆ ಸೇರಿಸಿದೆವು. ನಮ್ಮ ಪರವಾಗಿ ಯಾವ ಸರ್ವರ್ ಕಳಿಸಬಹುದೆಂದು ಎಸ್‌ಪಿಎಫ್ ಹೇಳುತ್ತದೆ. ಡಿಕೆಐಎಂ ಲಕೋಟೆಯ ಅರಗಿನ ಮುದ್ರೆಯಂತೆ: ದಾರಿಯಲ್ಲಿ ಯಾರೂ ತಿದ್ದಿಲ್ಲವೆಂಬುದಕ್ಕೆ ಸಾಕ್ಷಿ. ಇವು ತಾಳೆಯಾಗದಿದ್ದರೆ ಏನು ಮಾಡಬೇಕೆಂದು ಡಿಮಾರ್ಕ್ ತಿಳಿಸುತ್ತದೆ. ಜಿಮೇಲ್ ಖಾತೆಗಳಿಗೆ ದಿನಕ್ಕೆ 5,000ಕ್ಕಿಂತ ಹೆಚ್ಚು ಕಳಿಸುವವರಿಗೆ 2024ರ ಫೆಬ್ರುವರಿಯಿಂದ ಗೂಗಲ್ ಈ ಮೂರನ್ನೂ ಕಡ್ಡಾಯ ಮಾಡಿದೆ. ಚಿಕ್ಕ ಸಂಸ್ಥೆಗಳೂ ಮಾಡಿಕೊಳ್ಳಲೇಬೇಕೆಂಬುದು ನನ್ನ ಗಟ್ಟಿ ಅಭಿಪ್ರಾಯ.

ಈಗ ನಮ್ಮ ದಾನಿಗಳ ಪಟ್ಟಿಯಲ್ಲಿ ‘ಬಟವಾಡೆ’ ಎಂಬ ಅಂಕಣವಿದೆ. ವಾಪಸ್ ಬಂದ ವಿಳಾಸಗಳಿಗೆ ಅಲ್ಲಿ ಕೆಂಪು ಗುರುತು ಹಾಕಿ, ಫೋನ್ ಮಾಡಿ ಹೊಸ ವಿಳಾಸ ಕೇಳುತ್ತೇವೆ.