ಟೋಗೋದಿಂದ ಬಂದ ಸಜ್ಜೆ

ಸ್ಪೆಕ್‌ನಲ್ಲಿ ಬರೆಯದೇ ಇದ್ದದ್ದನ್ನ ಯಾರೂ ಟೆಸ್ಟ್ ಮಾಡೋದಿಲ್ಲ. ನಮ್ಮ ಸಾಫ್ಟ್‌ವೇರ್ ಮಂದಿಗೆ ಇದು ಗೊತ್ತಿರೋ ವಿಷಯಾನೇ. ಬೆಳೆಗಳ ಹೊಸ ತಳಿ ಮಾಡುವವರ ಕಥೆಯೂ ಬಹಳ ವರ್ಷ ಹೀಗೇ ಇತ್ತು. ಅವರ ಸ್ಪೆಕ್‌ನಲ್ಲಿ ಇದ್ದದ್ದು ಇಳುವರಿ, ರೋಗ ತಡೆಯುವ ಶಕ್ತಿ. ಕಾಳಿನೊಳಗೆ ಕಬ್ಬಿಣ ಎಷ್ಟು, ಸತು ಎಷ್ಟು ಅನ್ನೋದು ಇರಲೇ ಇಲ್ಲ.

ಇದಕ್ಕೆ ಸಜ್ಜೆ ಒಳ್ಳೇ ಉದಾಹರಣೆ. ಪಶ್ಚಿಮ ಆಫ್ರಿಕಾದಲ್ಲಿ ಟೋಗೋ ಅಂತ ಒಂದು ಪುಟ್ಟ ದೇಶ ಇದೆ. ಅದರ ಉತ್ತರ ಭಾಗದ ರೈತರು ಬೆಳೆಯುತ್ತಿದ್ದ ನಾಟಿ ಸಜ್ಜೆಯಿಂದ ಆಯ್ದು, ಹೈದರಾಬಾದ್ ಪಕ್ಕದ ಪಟಾನ್‌ಚೆರುವಿನಲ್ಲಿರೋ ಇಕ್ರಿಸ್ಯಾಟ್ ಸಂಸ್ಥೆಯವರು ಐಸಿಟಿಪಿ 8203 ಅನ್ನೋ ತಳಿ ಮಾಡಿದರು. 1988ರಲ್ಲಿ ಅದು ರೈತರ ಕೈಗೆ ಬಂತು. ಬೇಗ ಕೊಯ್ಲಿಗೆ ಬರುತ್ತೆ, ಕಾಳು ದಪ್ಪ... ಅದರ ಹೆಸರಿದ್ದದ್ದು ಅಷ್ಟಕ್ಕೇ.

1990ರ ದಶಕದಲ್ಲಿ ಹೋವಾರ್ತ್ ಬೂಯಿಸ್ ಎಂಬ ಅರ್ಥಶಾಸ್ತ್ರಜ್ಞ ಒಂದು ಸರಳ ಮಾತು ಹೇಳಲು ಶುರು ಮಾಡಿದರು: ಬಡವರ ಹೊಟ್ಟೆ ತುಂಬೋದು ಕಾಳಿನಿಂದ. ಹಣ್ಣು, ಹಾಲು, ಮಾಂಸ ಅವರ ಕೈಗೆಟುಕೋದು ಕಷ್ಟ. ಹಾಗಾದ್ರೆ ಕಾಳಿನ ಸತ್ವವನ್ನೇ ಯಾಕೆ ಹೆಚ್ಚಿಸಬಾರದು? ಹಾಗೆ ಮಾಡಿದ್ರೆ ಇಳುವರಿ ಬೀಳುತ್ತೆ ಅನ್ನೋ ಅನುಮಾನ ತಳಿ ವಿಜ್ಞಾನಿಗಳಿಗಿತ್ತು. ಕೊನೆಗೆ 2003ರಲ್ಲಿ ಹಾರ್ವೆಸ್ಟ್‌ಪ್ಲಸ್ ಯೋಜನೆ ಶುರುವಾಯ್ತು.

ಸಜ್ಜೆಯ ತಳಿಗಳನ್ನ ಅಳೆದು ನೋಡಿದ್ರೆ, ಅದೇ ಹಳೇ ಟೋಗೋ ಮೂಲದ ತಳಿಯಲ್ಲಿ ಕಬ್ಬಿಣ ಧಾರಾಳವಾಗಿತ್ತು! ಅದರಲ್ಲೇ ಇನ್ನೂ ಹೆಚ್ಚು ಕಬ್ಬಿಣದ ಗಿಡಗಳನ್ನ ಆರಿಸಿ ಬೆಳೆಸಿದ್ದೇ 'ಧನಶಕ್ತಿ'. 2012ರಲ್ಲಿ ಮಹಾರಾಷ್ಟ್ರದಲ್ಲಿ, 2014ರಲ್ಲಿ ದೇಶದ ಮಟ್ಟದಲ್ಲಿ ಬಿಡುಗಡೆಯಾಯ್ತು. ಕಿಲೋ ಕಾಳಿಗೆ ಸುಮಾರು 71 ಮಿಲಿಗ್ರಾಂ ಕಬ್ಬಿಣ. ಇಳುವರಿಯೂ ಬೀಳಲಿಲ್ಲ, ಹಳೇದಕ್ಕಿಂತ ಸ್ವಲ್ಪ ಜಾಸ್ತಿಯೇ ಬಂತು.

ತಿಂದವರ ಮೈಗೆ ಹತ್ತುತ್ತಾ? ಮಹಾರಾಷ್ಟ್ರದಲ್ಲಿ 12ರಿಂದ 16 ವರ್ಷದ ಶಾಲಾ ಮಕ್ಕಳಿಗೆ ಕೆಲವು ತಿಂಗಳು ಕಬ್ಬಿಣ ಹೆಚ್ಚಿರುವ ಸಜ್ಜೆಯ ಭಾಕ್ರಿ ತಿನ್ನಿಸಿ ನೋಡಿದರು. ಮಕ್ಕಳ ಮೈಯಲ್ಲಿ ಕಬ್ಬಿಣದ ಸಂಗ್ರಹ ಹೆಚ್ಚಾಗಿತ್ತು. 2015ರಲ್ಲಿ ಈ ಫಲಿತಾಂಶ ಪ್ರಕಟವಾಯ್ತು. 2018ರಲ್ಲಿ ಭಾರತ ಇನ್ನೊಂದು ಹೆಜ್ಜೆ ಮುಂದೆ ಹೋಯ್ತು: ಸಜ್ಜೆಯ ಹೊಸ ತಳಿ ಬಿಡುಗಡೆಯಾಗಬೇಕಿದ್ರೆ ಕಿಲೋಗೆ ಕನಿಷ್ಠ 42 ಮಿಲಿಗ್ರಾಂ ಕಬ್ಬಿಣ, 32 ಮಿಲಿಗ್ರಾಂ ಸತು ಇರಲೇಬೇಕು. ಅಂತೂ ಸ್ಪೆಕ್ ಬದಲಾಯ್ತು :)

ಹಾಗಂತ ಕೆಲಸ ಮುಗೀತು ಅನ್ನೋ ಹಾಗಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಐದು ವರ್ಷದೊಳಗಿನ ಪ್ರತಿ 100 ಮಕ್ಕಳಲ್ಲಿ 67 ಮಕ್ಕಳಿಗೆ ರಕ್ತಹೀನತೆ ಇತ್ತು. ಅದಕ್ಕೆ ಕಬ್ಬಿಣದ ಕೊರತೆಯೊಂದೇ ಕಾರಣ ಅಲ್ಲ ನಿಜ, ಆದ್ರೆ ದೊಡ್ಡ ಕಾರಣಗಳಲ್ಲಿ ಅದೂ ಒಂದು. ಕಾಳಿಗೆ ಸತ್ವ ತುಂಬೋ ಕೆಲಸ ವಿಜ್ಞಾನಿಗಳು ಮಾಡ್ತಾರೆ. ಆ ಕಾಳು ತಟ್ಟೆಗೆ ಬರಬೇಕಲ್ಲ? ಕೊಪ್ಪಳ, ಬಾಗಲಕೋಟೆ ಕಡೆಯವರು ಇದ್ದರೆ ಹೇಳಿ, ನಿಮ್ಮ ಮನೆಯಲ್ಲಿ ಸಜ್ಜೆ ರೊಟ್ಟಿ ಈಗ ಸಂಕ್ರಾಂತಿಗೆ ಮಾತ್ರಾನಾ, ಇಲ್ಲಾ ದಿನಾ ಇದೆಯಾ?