ದತ್ತಾಪಹಾರ

ದೇವರಿಗೋ ಊರಿಗೋ ಸಮುದಾಯಕ್ಕೋ ಕೊಟ್ಟದ್ದನ್ನು ಕೊಟ್ಟವರೇ ಮರಳಿ ತೆಗೆದುಕೊಳ್ಳುವುದು. ಬೇರೆಯವರು ಕೊಟ್ಟದ್ದನ್ನು ಕಸಿಯುವುದಕ್ಕೂ ಇದೇ ಹೆಸರಿದೆ. ಇಲ್ಲಿ ಮುಖ್ಯವಾಗಿ ಮೊದಲನೆಯದರ ಚರಿತ್ರೆಯಿದೆ. ಹಂಪಿ, ಹೊಸಪೇಟೆ, ಕಂಪ್ಲಿ, ಸಂಡೂರುಗಳ ಆಸುಪಾಸಿನಲ್ಲಿ ದಾನಶಾಸನಗಳು ಹೇರಳವಾಗಿರುವುದರಿಂದ ಆ ಚರಿತ್ರೆಯನ್ನು ಕಲ್ಲಿನ ಮೇಲೆಯೇ ಓದಬಹುದು.

ಧರ್ಮಶಾಸ್ತ್ರಕಾರರು ಇದನ್ನು ಪಾಪಕ್ಕಿಂತ ಹೆಚ್ಚಾಗಿ ವ್ಯಾಜ್ಯವೆಂದು ಕಂಡರು. ನಾರದಸ್ಮೃತಿಯ 18 ವ್ಯವಹಾರಪದಗಳಲ್ಲಿ, ಅಂದರೆ ವ್ಯಾಜ್ಯದ ವಿಷಯಗಳಲ್ಲಿ, ಕೊಟ್ಟದ್ದನ್ನು ಮರಳಿ ಪಡೆಯುವ ದತ್ತಾಪ್ರದಾನಿಕ ಒಂದು. ಕೊಟ್ಟರೂ ಕೊಟ್ಟಂತಾಗದ ದಾನಗಳನ್ನು ಅದು 16 ಬಗೆಯಾಗಿ ಎಣಿಸುತ್ತದೆ: ಹೆದರಿ ಕೊಟ್ಟದ್ದು, ಸಿಟ್ಟಿನಲ್ಲಿ ಕೊಟ್ಟದ್ದು, ದುಃಖದ ಭರದಲ್ಲಿ ಕೊಟ್ಟದ್ದು, ಲಂಚವಾಗಿ ಕೊಟ್ಟದ್ದು, ತಮಾಷೆಗೆ ಕೊಟ್ಟದ್ದು, ಮೋಸಹೋಗಿ ಕೊಟ್ಟದ್ದು, ಕುಡಿದ ಅಮಲಿನಲ್ಲಿ ಕೊಟ್ಟದ್ದು, ಮಕ್ಕಳು ಕೊಟ್ಟದ್ದು ಇತ್ಯಾದಿ. ಇವನ್ನು ಹಿಂದಕ್ಕೆ ಕೇಳಬಹುದು, ಉಳಿದದ್ದನ್ನು ಕೇಳುವಂತಿಲ್ಲ. ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರ ಮಿತಾಕ್ಷರದಲ್ಲಿ ಈ ವಿಷಯವನ್ನು ಚರ್ಚಿಸಿದ. ವಿಜಯನಗರದ ಬುಕ್ಕರಾಯನ ಕಾಲದ ಮಾಧವಾಚಾರ್ಯರ ಮುಂದಿದ್ದ ಪರಾಶರಸ್ಮೃತಿಯಲ್ಲಿ ವ್ಯವಹಾರಕಾಂಡವೇ ಇರಲಿಲ್ಲ. ಆದರೂ ಅದರ ಮೇಲಿನ ತಮ್ಮ ವ್ಯಾಖ್ಯಾನವಾದ ಪರಾಶರಮಾಧವೀಯಕ್ಕೆ ಅವರು ವ್ಯಾಜ್ಯಗಳ ಆ ಕಾಂಡವನ್ನು ಸೇರಿಸಿದರು. ಹೊಸದಾಗಿ ಕಟ್ಟುತ್ತಿದ್ದ ರಾಜ್ಯಕ್ಕೆ ಅದು ಬೇಕಿತ್ತು ಎನ್ನಬೇಕು.

ಶಾಸನಗಳ ದಾರಿ ಬೇರೆ. ಅವು ವಿನಾಯಿತಿಗಳ ಪಟ್ಟಿ ಕೊಡುವುದಿಲ್ಲ, ಶಾಪ ಹಾಕುತ್ತವೆ. ಹಂಪಿಯ ವಿರೂಪಾಕ್ಷ ಗುಡಿಯ ರಂಗಮಂಟಪದ ಮುಂದೆ ನಿಂತಿರುವ ಕೃಷ್ಣದೇವರಾಯನ 1510ರ ಶಾಸನ ಅವನು ಪಟ್ಟವೇರಿದ ಸಂದರ್ಭದ್ದು. ಸಿಂಗನಾಯಕನಹಳ್ಳಿ ಎಂಬ ಗ್ರಾಮವನ್ನು ದೇವರಿಗೆ ಬಿಟ್ಟದ್ದನ್ನು ಅದು ದಾಖಲಿಸುತ್ತದೆ. ಆ ಕಾಲದ ದಾನದ ಕ್ರಮವೇ ಹಿಂದೆ ಸರಿಯಲು ದಾರಿ ಬಿಡದಂಥದ್ದು. ಕೈಗೆ ನೀರೆರೆದು ಧಾರಾಪೂರ್ವಕವಾಗಿ ಕೊಡಬೇಕು. ನಿಧಿ, ನಿಕ್ಷೇಪ, ಜಲ, ಪಾಷಾಣ ಮೊದಲಾದ ಅಷ್ಟಭೋಗಗಳೂ ಸೇರಿ ಹೋಗುತ್ತವೆ. ಮಣ್ಣಿನಡಿ ಸಿಗಬಹುದಾದ ಹೊನ್ನಿನ ಆಸೆಯನ್ನೂ ದಾನಿ ಬಿಟ್ಟುಕೊಟ್ಟಂತೆ. ಅವಧಿ ಆಚಂದ್ರಾರ್ಕ, ಅಂದರೆ ಸೂರ್ಯಚಂದ್ರರಿರುವ ತನಕ. ಓದು ಬಾರದವರಿಗೂ ತಿಳಿಯಲೆಂದು ದಾನಶಾಸನಗಳ ನೆತ್ತಿಯಲ್ಲಿ ಸೂರ್ಯಚಂದ್ರರನ್ನು ಬಿಡಿಸುತ್ತಿದ್ದರು. ವಿಜಯನಗರದ ತಾಮ್ರಪಟಗಳ ಒಕ್ಕಣೆ ಸಂಸ್ಕೃತದಲ್ಲಿ, ನಂದಿನಾಗರಿ ಲಿಪಿಯಲ್ಲಿದ್ದರೂ ಕೊನೆಗೆ ಅರಸನ ಅಂಕಿತ ಮಾತ್ರ ಕನ್ನಡ ಅಕ್ಷರದಲ್ಲಿ ಸಾಮಾನ್ಯವಾಗಿ ‘ಶ್ರೀ ವಿರೂಪಾಕ್ಷ’ ಎಂದು ಬೀಳುತ್ತದೆ. ಕೊಟ್ಟವನು ಅರಸ, ರುಜು ದೇವರದು. ಮರಳಿ ಕೇಳುವುದಾದರೆ ಯಾರನ್ನು ಕೇಳಬೇಕು?

ಇಷ್ಟೆಲ್ಲ ಆದ ಮೇಲೂ ಶಾಪಾಶಯದ ಶ್ಲೋಕಗಳು ಬರುತ್ತವೆ. ತಾನು ಕೊಟ್ಟದ್ದಾಗಲಿ ಪರರು ಕೊಟ್ಟದ್ದಾಗಲಿ, ಭೂಮಿಯನ್ನು ಅಪಹರಿಸಿದವನು 60,000 ವರ್ಷ ಹೇಲಿನಲ್ಲಿ ಹುಳವಾಗಿ ಹುಟ್ಟುತ್ತಾನೆಂಬುದು ಅವುಗಳಲ್ಲಿ ತೀರ ಪ್ರಸಿದ್ಧವಾದದ್ದು. ಕನ್ನಡ ಭಾಗಗಳಲ್ಲಿ ಗಂಗೆಯ ತಡಿಯಲ್ಲಿ ಕವಿಲೆಯನ್ನು ಕೊಂದ ಪಾಪವೂ ಜೊತೆಗೂಡುವುದುಂಟು. ಶ್ಲೋಕ ಮೊದಲು ಹೆಸರಿಸುವುದು ದರೋಡೆಕೋರನನ್ನೂ ಅಲ್ಲ, ಶತ್ರುರಾಜನನ್ನೂ ಅಲ್ಲ, ಸ್ವತಃ ದಾನಿಯನ್ನು. ಬೊಕ್ಕಸ ಬರಿದಾದಾಗ ಗುಡಿಯ ಗದ್ದೆಯತ್ತ ಮೊದಲು ಕಣ್ಣು ಹಾಯಿಸುವವನು ಅದನ್ನು ಬಿಟ್ಟವನೇ ಎಂಬ ಅನುಭವ ಇದರ ಹಿಂದೆ ಇದ್ದಿರಬೇಕು. ಪರದತ್ತವನ್ನು ಕಾಯುವುದಕ್ಕೆ ಸ್ವದತ್ತಕ್ಕಿಂತ ಇಮ್ಮಡಿ ಪುಣ್ಯ ಎನ್ನುವ ಇನ್ನೊಂದು ಶ್ಲೋಕವಂತೂ ಮುಂದೆ ಬರುವ ಅರಸರಿಗೆ ತೋರಿಸಿದ ಆಸೆ.

ಶಾಪಕ್ಕೆ ನಿಲುಕದ ಸಂದರ್ಭಗಳೂ ಇದ್ದವು. ಹೇಮಕೂಟದ ಮೇಲೆ ತಂದೆ ಮುಮ್ಮಡಿ ಸಿಂಗನ ನೆನಪಿಗೆ ಗುಡಿ ಕಟ್ಟಿಸಿದ ಕಂಪಿಲದೇವನ ರಾಜ್ಯ 1327ರ ಹೊತ್ತಿಗೆ ದೆಹಲಿಯ ಸೇನೆಗೆ ಬಿತ್ತು. 1565ರ ಯುದ್ಧದ ತರುವಾಯ ವಿಜಯನಗರದ ರಾಜಧಾನಿಯೇ ಬರಿದಾಯಿತು. ಎಷ್ಟೋ ದತ್ತಿಗಳು ಯಾರೂ ಹಿಂಪಡೆಯದೆಯೇ ನಿಂತುಹೋದವು.

ಸಂಡೂರಿನಲ್ಲಿ ಹಿಂಪಡೆಯುವ ಯತ್ನ ರಾಜಕೀಯದ್ದು. ಘೋರ್ಪಡೆಗಳ ಈ ಸಂಸ್ಥಾನ ತನ್ನ ಅಧೀನದ್ದೆಂಬುದು ಪೇಶ್ವೆ ಎರಡನೆಯ ಬಾಜಿರಾಯನ ವಾದ. 1815ರಲ್ಲಿ ಅಲ್ಲಿನ ಕುಮಾರಸ್ವಾಮಿ ಗುಡಿಯ ಯಾತ್ರೆಯ ನೆಪದಲ್ಲಿ ಅದನ್ನು ಹಿಡಿಯಲು ನೋಡಿದ, ಆಗಲಿಲ್ಲ. 1817ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿ ಥಾಮಸ್ ಮನ್ರೋ ಪೇಶ್ವೆಯ ಪರವಾಗಿ ಅದನ್ನು ವಶಪಡಿಸಿಕೊಂಡ. ಮರುವರ್ಷ ಪೇಶ್ವೆಯ ಆಡಳಿತವೇ ಮುಗಿದು ಸಂಡೂರು ಶಿವರಾವ್ ಘೋರ್ಪಡೆಗೆ ಮರಳಿತು. ಬಳ್ಳಾರಿ ಸೀಮೆಯ ಇನಾಮುಗಳ ಮೇಲೆ ಆಗ ಕಂಪನಿಯ ಕಣ್ಣೂ ಬಿದ್ದಿತ್ತು. ಮದರಾಸಿನ ಇನಾಂ ಕಮಿಷನ್ 1858ರಿಂದ ಹಕ್ಕುಗಳನ್ನು ಒಂದೊಂದಾಗಿ ಪರಿಶೀಲಿಸಿ ಪಟ್ಟೆ ಕೊಟ್ಟಿತು.

ಇಂದಿನ ಕಾನೂನು ನಾರದನಿಂದ ಬಹಳ ದೂರ ಹೋಗಿಲ್ಲ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 126ನೇ ಕಲಮಿನಂತೆ ದಾನಿ ತನ್ನ ಇಷ್ಟ ಬಂದಾಗ ದಾನಪತ್ರ ರದ್ದುಮಾಡುವಂತಿಲ್ಲ. ನೋಡಿಕೊಳ್ಳುವ ಷರತ್ತಿನ ಮೇಲೆ ಆಸ್ತಿ ಬರೆದುಕೊಟ್ಟ ಹಿರಿಯರನ್ನು ಮಕ್ಕಳು ಕೈಬಿಟ್ಟರೆ 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಮು ನೆರವಿಗೆ ಬರುತ್ತದೆ.

ಸಮುದಾಯಕ್ಕೆ ಕೊಟ್ಟ ಬರಹವೂ ದತ್ತಿಯೇ ಎಂದುಕೊಂಡರೆ ಕನ್ನಡದ ಎರಡು ಪ್ರಸಂಗಗಳು ಇಲ್ಲಿ ಸಲ್ಲುತ್ತವೆ. ಶಾಸನಗಳನ್ನು ಆಳವಾಗಿ ಓದಿದ್ದ, ಮುಂದೆ ಹಂಪಿ ಕನ್ನಡ ವಿಶ್ವವಿದ್ಯಾಲಯದ ಕುಲಪತಿಯಾದ ಎಂ. ಎಂ. ಕಲಬುರ್ಗಿ ತಮ್ಮ ‘ಮಾರ್ಗ’ ಲೇಖನಮಾಲೆಯ ಮೊದಲ ಸಂಪುಟದ ಕೆಲವು ಸಂಶೋಧನೆಗಳನ್ನು 1989ರಲ್ಲಿ ಒತ್ತಡಕ್ಕೆ ಸಿಕ್ಕಿ ಹಿಂತೆಗೆದುಕೊಂಡರು. ಮನೆಯವರ ಜೀವ ಉಳಿಸಲು ಹಾಗೆ ಮಾಡಿದ್ದಾಗಿ ಆಮೇಲೆ ಅವರೇ ಹೇಳಿದರು. ಸ್ಮೃತಿಕಾರರು ಹೆದರಿ ಕೊಟ್ಟದ್ದು ದಾನವಲ್ಲ ಎಂದರೇ ಹೊರತು ಹೆದರಿ ಹಿಂಪಡೆದದ್ದರ ಗತಿಯನ್ನು ಹೇಳಲಿಲ್ಲ.

ಎರಡನೆಯ ಪ್ರಸಂಗ 2022ರದು, ಅದು ಪ್ರತಿಭಟನೆ. ರೋಹಿತ್ ಚಕ್ರತೀರ್ಥ ಅಧ್ಯಕ್ಷತೆಯ ಸಮಿತಿ ಶಾಲಾ ಪಠ್ಯಗಳನ್ನು ಪರಿಷ್ಕರಿಸಿದ ರೀತಿಯನ್ನು ಒಪ್ಪದ ದೇವನೂರ ಮಹಾದೇವ, ಹತ್ತನೇ ತರಗತಿಯ ಕನ್ನಡ ಪುಸ್ತಕದಲ್ಲಿದ್ದ ತಮ್ಮ ಪಾಠಕ್ಕೆ ಕೊಟ್ಟಿದ್ದ ಅನುಮತಿಯನ್ನು ವಾಪಸು ಪಡೆದರು. ಜಿ. ರಾಮಕೃಷ್ಣ, ರೂಪ ಹಾಸನ ಮೊದಲಾದವರೂ ಅದೇ ಹಾದಿ ಹಿಡಿದರು. ಹಣಕ್ಕಾಗಿಯೂ ಅಲ್ಲ, ಬರಹ ಬದಲಿಸಲೆಂದೂ ಅಲ್ಲ. ಪಠ್ಯ ಪರಿಷ್ಕರಣೆಯ ರೀತಿಯೇ ಅವರ ತಕರಾರು. ಅಷ್ಟರಲ್ಲಿ ಪುಸ್ತಕಗಳ ಅಚ್ಚಿನ ಕೆಲಸ ಬಹುಪಾಲು ಮುಗಿದಿತ್ತು.